ಮೇಸ್ತ್ರಿಯ ಎದೆಯ ಸದ್ದು

ಹೇಳಿದರೆ ಏನಾಗುತ್ತದೆ ಎನ್ನುವುದಕ್ಕಿಂತ, ಹೇಳುವುದನ್ನು ಎಲ್ಲಿಂದ ಶುರು ಮಾಡುವುದು ಎನ್ನುವುದೇ ಅವನಿಗೆ ಬಗೆಹರಿಯುತ್ತಿರಲಿಲ್ಲ. ‘ನಿಮ್ಮ ಎದೇಲಿ ಸಿಳ್ಳೆ ಹೊಡೆದ ಹಾಗೆ ಕೇಳ್ತಿದೆ ಮೇಸ್ತ್ರಿ, ಡಾಕ್ಟರಿಗೆ ತೋರಿಸಿ.’ ಇಷ್ಟೇ ಮಾತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತ ಕೂಡ ಹೇಳಿಬಿಡಬಹುದಾದ ಮಾತು. ಆದರೆ ಅದರ ನಡುವೆ ‘ಕೇಳ್ತಿದೆ’ ಎನ್ನುವುದೊಂದು ಕೂತಿತ್ತು. ಅದನ್ನು ಕಿತ್ತು ಹೇಳಲು ಬರುತ್ತದೆಯೇ? ‘ಎದೇಲಿ ಏನೋ ತೊಂದರೆ ಇದ್ದ ಹಾಗಿದೆ’ ಎಂದರೆ? ‘ನಿನಗೆ ಹೇಗಯ್ಯಾ ಗೊತ್ತಾಯ್ತು?’ ಎಂದು ಕೇಳದೆ ಬಿಡುವ ಪೈಕಿಯಲ್ಲ ಮೇಸ್ತ್ರಿ.

ಮೇಜಿನ ಆಚೆ ಬದಿಯಲ್ಲಿ ಮೇಸ್ತ್ರಿ ಉಸಿರೆಳೆದುಕೊಂಡರು. ಬಾಗಿಲ ಸಂದಿಯಿಂದ ಗಾಳಿ ನುಗ್ಗಿದಂಥ ಸದ್ದು. ಬಿಡುವಾಗ ಅದು ಇನ್ನಷ್ಟು ತೆಳ್ಳಗಾಗಿ, ಕೊನೆಯಲ್ಲಿ ಎರಡು ಎಳೆಯಾಗಿ ಸೀಳಿತು. ಮೊದಮೊದಲು ಮೆಟ್ಟಿಲು ಹತ್ತಿ ಬಂದಾಗ ಮಾತ್ರ ಇರುತ್ತಿದ್ದದ್ದು ಈಗ ಕೂತಲ್ಲೇ ಕೇಳುತ್ತಿತ್ತು. ಅವರ ಎಡಕ್ಕೆ ಅವರ ಹೆಂಡತಿ ಕೂತಿದ್ದರು, ಬಲಕ್ಕೆ ದಪ್ಪಣ್ಣ. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಆ ಸದ್ದು ಅವರಿಬ್ಬರನ್ನೂ ಮುಟ್ಟದೆ ಹಾದು ಅವನ ತನಕ ಬಂತು.

ಆ ಕೋಣೆಯಲ್ಲಿ ಅವನ ಹೆಸರು ಎಣ್ಣೆ. ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಯಂತ್ರಗಳಿಗೆ ಎಣ್ಣೆ ಬಿಟ್ಟವನಾದ್ದರಿಂದ ಹೆಸರು ಅಲ್ಲಿಂದ ಅಂಟಿತು. ಜನ್ಮದಲ್ಲಿ ಒಂದು ತೊಟ್ಟು ಕುಡಿಯದವನಿಗೆ ಇಂಥ ಹೆಸರು ಬಿದ್ದದ್ದು ದಪ್ಪಣ್ಣನಿಗೆ ಇವತ್ತಿಗೂ ಹಳಸದ ತಮಾಷೆ. ದಪ್ಪಣ್ಣನೋ, ಕಡ್ಡಿಯ ಹಾಗಿದ್ದ. ನೇಯ್ದ ಬಟ್ಟೆಯ ಸುರುಳಿ ಹೊತ್ತು ಸಾಗಿಸುವುದು ಅವನ ಕೆಲಸ. ಸುರುಳಿ ತಾನೇ ನಡೆದು ಬರುತ್ತಿದೆ ಅನ್ನಿಸುತ್ತಿತ್ತು. ಮೇಸ್ತ್ರಿ ಇಡೀ ಶೆಡ್ಡಿನ ಹಿರಿಯ. ಅವರ ಹೆಂಡತಿ ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುತ್ತಿದ್ದವರು, ಹಾಗಾಗಿ ಕಂಡಿಕೆಯಮ್ಮ. ಮೂವತ್ತೈದು ವರ್ಷದ ಹಿಂದೆ ಹನ್ನೆರಡು ಮಗ್ಗಗಳ ಆಚೆ ನಿಂತು ಮೇಸ್ತ್ರಿ ತುಟಿಯಲ್ಲೇ ‘ಮದುವೆ ಆಗ್ತೀಯಾ?’ ಎಂದು ಕೇಳಿದ್ದರು. ಅದನ್ನು ನಡುವಿನ ಹನ್ನೆರಡು ಮಗ್ಗದವರೂ ಓದಿಕೊಂಡಿದ್ದರು. ಹುಡುಗಿ ಉತ್ತರ ಕೊಡುವ ಮೊದಲೇ ಏಳನೆಯ ಮಗ್ಗದವನು ‘ಆಗಲ್ಲ ಅಂತೆ’ ಎಂದು ಕೈ ಆಡಿಸಿದ್ದ.

ನಲವತ್ತೆಂಟು ಮಗ್ಗ ಒಟ್ಟಿಗೆ ಓಡುವ ಜಾಗದಲ್ಲಿ ಗಂಟಲಿಗೆ ಕೆಲಸವಿಲ್ಲ. ಅಲ್ಲಿ ಎಲ್ಲರೂ ತುಟಿಯಿಂದ, ಹುಬ್ಬಿನಿಂದ, ಎರಡು ಬೆರಳಿಂದ ಮಾತಾಡುತ್ತಿದ್ದರು. ಬೈಗುಳಕ್ಕೆ ಮೊಣಕೈ ಸಾಕಿತ್ತು. ಶೆಡ್ಡು ಮುಚ್ಚಿ ಐದು ವರ್ಷವಾಗಿತ್ತು. ಅಲ್ಲೀಗ ಯಾರೋ ರಟ್ಟಿನ ಪೆಟ್ಟಿಗೆಗಳನ್ನು ತುಂಬಿದ್ದರು. ಮೇಲಿನ ಹಳೇ ಕ್ಯಾಂಟೀನ್ ಮಾತ್ರ ಯಾರಿಗೂ ಬೇಡವಾಗಿ ಉಳಿದು, ಕಾವಲುಗಾರನ ದಾಕ್ಷಿಣ್ಯದಿಂದ ಈ ನಾಲ್ವರಿಗೆ ಸಿಕ್ಕಿತ್ತು. ದಿನಾ ಬೆಳಗ್ಗೆ ಹತ್ತಕ್ಕೆ ಕಬ್ಬಿಣದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಎದುರುಬದುರಾಗಿ ಕೂತು ಮಧ್ಯಾಹ್ನದ ತನಕ ಮಾತಾಡುತ್ತಿದ್ದರು. ಹೊರಗೆ ನಿಂತವರಿಗೆ ಒಂದು ಸೊಲ್ಲೂ ಕೇಳುತ್ತಿರಲಿಲ್ಲ. ಆಗಾಗ ನಾಲ್ಕು ಜನ ಒಮ್ಮೆಲೇ ನಗುವ ಸದ್ದು, ಮತ್ತೆ ಏನೂ ಇಲ್ಲ. ಕಾವಲುಗಾರ ಮೊದಲ ವಾರ ಎರಡು ಸಲ ಗಾಬರಿಯಿಂದ ಹತ್ತಿ ಬಂದು ನೋಡಿದ್ದ.

ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಅವರು ಕಿವುಡರು. ಜನ ಅವರ ಮುಖದ ಹತ್ತಿರ ಬಂದು ಕಿರುಚುತ್ತಿದ್ದರು, ಆಮೇಲೆ ಬೇಸತ್ತು ‘ಹೋಗ್ಲಿ ಬಿಡಿ’ ಅನ್ನುತ್ತಿದ್ದರು. ಈ ಮೇಜಿನ ಮುಂದೆ ಮಾತ್ರ ಯಾರಿಗೂ ಏನೂ ಕಮ್ಮಿ ಇರಲಿಲ್ಲ. ಕಂಡಿಕೆಯಮ್ಮ ರಕ್ತದೊತ್ತಡ ಅಳೆಯುವ ಚಿಕ್ಕ ಯಂತ್ರವೊಂದನ್ನು ಚೀಲದಲ್ಲಿ ಇಟ್ಟುಕೊಂಡೇ ಬರುತ್ತಿದ್ದರು. ವಾರಕ್ಕೊಮ್ಮೆ ಎಲ್ಲರೂ ಸರದಿಯಲ್ಲಿ ತೋಳು ಚಾಚಬೇಕು. ಅವರದೇ ಒತ್ತಡ ಮನೆಯಲ್ಲಿ ಅಳೆದರೆ ಏರುತ್ತಿತ್ತು, ಇಲ್ಲಿ ಅಳೆದರೆ ಇಳಿಯುತ್ತಿತ್ತು.

“ಆ ಡಾಕ್ಟರ ಮಾತ್ರೆ ಅಲ್ಲ, ನನಗೆ ಈ ಮೇಜೇ ಮಾತ್ರೆ,” ಎಂದು ಅವರು ತುಟಿ ಅಗಲಿಸಿ ಹೇಳುತ್ತಿದ್ದರು.

“ಹಾಗಂತ ನುಂಗಿಬಿಟ್ಟೀಯೆ. ಹಲ್ಲು ಇರೋದೇ ನಾಲ್ಕು,” ಎಂದು ಮೇಸ್ತ್ರಿ.

ಐದನೆಯವನೊಬ್ಬ ಇದ್ದ. ಮಗ್ಗಕ್ಕೆ ಹಾಸಿನ ಉದ್ದೆಳೆಗಳನ್ನು ಹೂಡುತ್ತಿದ್ದವನು. ಮಗಳ ಮನೆಗೆ ಹೋಗಿ ನೆಲೆಸಿದ. ಮಗಳು ಚೆನ್ನಾಗಿಯೇ ನೋಡಿಕೊಂಡಳು. ಬಿಸಿನೀರು, ಹೊತ್ತಿಗೆ ಸರಿಯಾಗಿ ಊಟ, ಸ್ವಂತ ಕೋಣೆ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಹದಿನಾಲ್ಕು ತಿಂಗಳಲ್ಲಿ ತೀರಿಕೊಂಡ. ಇಂಥದೇ ಕಾಯಿಲೆ ಎಂದು ಯಾರೂ ಹೇಳಲಿಲ್ಲ. ನೋಡಿ ಬಂದ ದಪ್ಪಣ್ಣ, “ಅವನ ತುಟಿ ಒಣಗಿಹೋಗಿತ್ತು ಕಣ್ರೋ,” ಎಂದಷ್ಟೇ ಹೇಳಿದ. ಎಲ್ಲರಿಗೂ ಅರ್ಥವಾಗಿತ್ತು.

ಈ ಗುಂಪಿಗೆ ಒಂದೇ ಒಂದು ಬದ್ಧ ದ್ವೇಷವಿತ್ತು. ಅದು ಹತ್ತಿ ಕಿವಿಯವರ ಮೇಲೆ. ಕಂಪನಿ ಕಿವಿಗೆ ಇಟ್ಟುಕೊಳ್ಳುವ ಬೆಂಡುಗಳನ್ನು ಪೆಟ್ಟಿಗೆಗಟ್ಟಲೆ ಕಳಿಸಿದಾಗ ಮೇಸ್ತ್ರಿ ಅವನ್ನು ಅಲುಗಾಡುವ ಮೇಜುಗಳ ಕಾಲಿಗೆ ಕೊಟ್ಟು ಖರ್ಚು ಮಾಡಿದ್ದರು. ಮಗ್ಗ ಕೆಡುವ ಮೊದಲು ಸದ್ದು ಬದಲಾಗುತ್ತದೆ, ಅದನ್ನು ಕೇಳದವನು ನೇಕಾರನೇ ಅಲ್ಲ ಎನ್ನುವುದು ಅವರ ವಾದ. ಬೆಂಡು ಇಟ್ಟವನು, ಹತ್ತಿ ತುರುಕಿದವನು, ತನ್ನ ಕಿವಿಯನ್ನು ಮಿಕ್ಕವರ ಕಿವಿಗಿಂತ ಮೇಲು ಎಂದುಕೊಂಡವನು. ಕ್ರಮೇಣ ಆ ಮಾತು ಶೆಡ್ಡು ದಾಟಿ ಬೆಳೆಯಿತು. ಆಫೀಸಿನವರು ಹತ್ತಿ ಕಿವಿಯವರು. ಜಿಪುಣ ಬೀಗರು ಹತ್ತಿ ಕಿವಿಯವರು. ನಿಲ್ಲಿಸದೆ ಹೋದ ಬಸ್ಸಿನ ಚಾಲಕನೂ ಹತ್ತಿ ಕಿವಿಯವನೇ.

ಒಮ್ಮೆ ಶೆಡ್ಡಿಗೆ ಹೊಸಬನೊಬ್ಬ ಸೇರಿದ್ದ. ಮೂವತ್ತರ ಆಸುಪಾಸಿನವನು, ಬೇರೆ ಕಾರ್ಖಾನೆಯಲ್ಲಿ ಕೆಲಸ ಕಲಿತವನು, ಎರಡೂ ಕಿವಿಗೆ ಹಳದಿ ಬೆಂಡು. ಯಾರೂ ಜಗಳವಾಡಲಿಲ್ಲ. ಅವನ ಕಡೆಗೆ ನೋಡುವುದನ್ನು ಬಿಟ್ಟರು, ಅಷ್ಟೇ. ತುಟಿಯಲ್ಲಿ ಮಾತಾಡುವ ಜಾಗದಲ್ಲಿ ಮುಖ ತಿರುಗಿಸಿದರೆ ಅವನು ಇಲ್ಲದ ಹಾಗೆ. ಹನ್ನೊಂದು ವಾರ ಅವನು ಮಗ್ಗದ ಮುಂದೆ ಒಬ್ಬನೇ ನಿಂತ. ಕೊನೆಕೊನೆಗೆ ಅವನಿಗೆ ಹೊಟ್ಟೆನೋವು, ನಿದ್ದೆ ಬಾರದು, ಕೈ ನಡುಕ. ಬಿಟ್ಟುಹೋದ. ಆ ಹನ್ನೊಂದು ವಾರದಲ್ಲಿ ಅವನು ಸಹಾಯ ಕೇಳಲು ಎರಡು ಸಲ ಎಣ್ಣೆಯ ಕಡೆ ತಿರುಗಿದ್ದ. ಎಣ್ಣೆ ಎರಡು ಸಲವೂ ಬಗ್ಗಿ ಎಣ್ಣೆ ಬಿಟ್ಟಿದ್ದ.

ಆಗ ಎಣ್ಣೆಯ ಎರಡೂ ಕಿವಿಯಲ್ಲಿ ಹತ್ತಿ ಇತ್ತು.

ಅದನ್ನು ಮೊದಲು ಇಟ್ಟವಳು ಅವನ ಅಕ್ಕ. ಅವರ ಅಪ್ಪ ಬಾಯ್ಲರ್ ತಗಡಿಗೆ ಮೊಳೆ ಹೊಡೆದು ಹೊಡೆದು ನಲವತ್ತಕ್ಕೇ ಕಿವುಡಾದವನು. ಅಮ್ಮ ಸತ್ತ ದಿನ ಅವಳು ಹೇಳಿದ ಕೊನೆಯ ಮಾತನ್ನು ಅವನು ಮಕ್ಕಳ ಕೈಲಿ ಬರೆಸಿಕೊಂಡು ಓದಿದ್ದ. ತಮ್ಮನಿಗೆ ಶೆಡ್ಡಿನಲ್ಲಿ ಕೆಲಸ ಸಿಕ್ಕ ಮೊದಲ ಬೆಳಗ್ಗೆ ಅಕ್ಕ ಹತ್ತಿಯನ್ನು ಮೇಣದಲ್ಲಿ ಅದ್ದಿ, ಉಂಡೆ ಮಾಡಿ, ಅವನ ಕಿವಿಗೆ ಒತ್ತಿ, ಮೇಲಿಂದ ಉಣ್ಣೆ ಟೋಪಿ ಎಳೆದಳು. ಧೂಳು ತಲೆಗೆ ಕೂರದಿರಲೆಂದು ಟೋಪಿ ಎಂದು ಅವನು ಎಲ್ಲರಿಗೂ ಹೇಳಿದ. ಅದರಿಂದಾಗಿ ಮಗ್ಗದ ಸದ್ದು ಅವನಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಾಗಿ ಕಬ್ಬಿಣದ ಮೇಲೆ ಅಂಗೈ ಇಟ್ಟು, ಅದುರುವುದನ್ನು ನೋಡಿ ರೋಗ ಹೇಳುವುದನ್ನು ಕಲಿತ. “ನಮ್ಮ ಎಣ್ಣೆಗೆ ಅಂಗೈಯಲ್ಲೇ ಕಿವಿ,” ಎಂದು ಮೇಸ್ತ್ರಿ ಎಲ್ಲರ ಮುಂದೆ ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಶೆಡ್ಡು ಮುಚ್ಚಿದ ಮೇಲೆ ನಿಜ ಹೇಳಬಹುದಿತ್ತು. ಕ್ಯಾಂಟೀನಿನ ಮೊದಲ ದಿನ ಹಿಂದೆ ಯಾವುದೋ ತಟ್ಟೆ ಬಿತ್ತು. ಅವನೊಬ್ಬನೇ ತಿರುಗಿ ನೋಡಿದ. “ಏನಾಯ್ತೋ?” ಎಂದು ದಪ್ಪಣ್ಣನ ತುಟಿ ಕೇಳಿತು. “ಕಾಲಿಗೆ ಅದುರಿತು,” ಎಂದ. ಆ ಒಂದು ಮಾತಿನ ಮೇಲೆ ಐದು ವರ್ಷ ನಿಂತಿತ್ತು. ಆಮೇಲೆ ಅವನು ತಿರುಗುವುದನ್ನೇ ಮರೆತ. ಹಿಂದೆ ಏನು ಬಿದ್ದರೂ ಅವನ ಕುತ್ತಿಗೆ ಅಲುಗುತ್ತಿರಲಿಲ್ಲ. ಇದರಲ್ಲಿ ಅವನಿಗೆ ಕಷ್ಟವೇನೂ ಇರಲಿಲ್ಲ; ಆ ಕೋಣೆಯಲ್ಲಿ ಅವನು ನಾಟಕವಾಡುತ್ತಿದ್ದ ಅನ್ನುವುದಕ್ಕಿಂತ ಅಲ್ಲಿ ಅವನಿಗೆ ಕಿವಿಯ ನೆನಪೇ ಇರುತ್ತಿರಲಿಲ್ಲ ಅನ್ನಬೇಕು. ಬೇರೆಲ್ಲೂ ಅವನಿಗೆ ಅಷ್ಟು ನಿರಾಳವಾಗುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಗಂಡ ಸತ್ತ ಅಕ್ಕನ ಮನೆಯಲ್ಲಿ ಇದ್ದ. ಐವತ್ತೆಂಟು ವರ್ಷಕ್ಕೆ ಅವನಿಗೆ ತನ್ನವರು ಅಂತ ಇದ್ದದ್ದು ಆ ಮೂವರು.

ಸಿಳ್ಳೆ ಶುರುವಾದದ್ದು ಹೋದ ಚಳಿಗಾಲದಲ್ಲಿ. ಈಗ ಮಳೆಗಾಲ ಮುಗಿಯುತ್ತ ಬಂದಿತ್ತು. ಎಂಟು ತಿಂಗಳು.

ಮೊದಲ ತಿಂಗಳು ನೆಗಡಿ ಎಂದುಕೊಂಡ. ಎರಡನೆಯ ತಿಂಗಳು, ಮೇಸ್ತ್ರಿಗೆ ತಾನಾಗಿಯೇ ಗೊತ್ತಾಗುತ್ತದೆ ಎಂದುಕೊಂಡ. ಮೂರನೆಯದರಲ್ಲಿ ಕಂಡಿಕೆಯಮ್ಮ ಗಂಡನ ತೋಳಿಗೆ ಪಟ್ಟಿ ಕಟ್ಟಿ, ಯಂತ್ರ ನೋಡಿ, “ನಮ್ಮೆಜಮಾನ್ರು ಉಕ್ಕು!” ಎಂದು ಸಾರಿದರು. ಯಂತ್ರ ಪೀಪಿ ಎಂದಿತು. ಅದರ ಹಿಂದೆಯೇ ಸಿಳ್ಳೆ. ಎರಡೂ ಕೇಳಿದ್ದು ಅವನೊಬ್ಬನಿಗೇ. ಮೇಸ್ತ್ರಿಯ ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಮಕ್ಕಳಿಲ್ಲ. ಗಂಡ ಹೆಂಡತಿ ಇಬ್ಬರ ಕಿವಿಯೂ ಒಂದೇ ಶೆಡ್ಡು ತಿಂದದ್ದು. ಮೇಸ್ತ್ರಿ ಮೆಟ್ಟಿಲ ನಡುವೆ ನಿಲ್ಲತೊಡಗಿದಾಗ, “ವಯಸ್ಸಾಯ್ತಲ್ಲ, ಗೂಡ್ಸ್ ಗಾಡಿ ಆಗಿಬಿಟ್ರಿ,” ಎಂದು ದಪ್ಪಣ್ಣ ಛೇಡಿಸಿದ. ಮೇಸ್ತ್ರಿ ಮೊಣಕೈ ತೋರಿಸಿದರು. ಎಲ್ಲರೂ ನಕ್ಕರು. ಎಣ್ಣೆಯೂ ನಕ್ಕ.

ಕೊನೆಗೆ ಅಕ್ಕನಿಗೆ ಹೇಳಿದ. ಅವಳು ಬೀನ್ಸಿನ ನಾರು ತೆಗೆಯುತ್ತ ಕೇಳಿದಳು.

“ಹೇಳು ಮತ್ತೆ. ನನ್ನ ಹತ್ರ ಏನು ಒದರ್ತೀಯ?”

“ಹೇಳಿದ್ರೆ ಗೊತ್ತಾಗುತ್ತಲ್ಲ.”

“ಏನು ಗೊತ್ತಾಗುತ್ತೆ? ನಿನಗೆ ಕಿವಿ ಇದೆ ಅಂತಾನಾ? ಊರಿಗೆಲ್ಲ ಇರುತ್ತೆ ಕಣೋ ಕಿವಿ!”

“ಅಕ್ಕಾ, ನೀನೇ ಒಂದ್ ದಿನ ಬಂದ್ಬಿಡು. ಸುಮ್ನೆ ಮಾತಾಡಿಸೋಕೆ ಬಂದ ಹಾಗೆ. ನಿನಗೇ ಕೇಳಿಸ್ತು ಅಂತ ಹೇಳು.”

ಅವಳು ಬೀನ್ಸು ಕೆಳಗಿಟ್ಟಳು. “ಎಂಟು ತಿಂಗಳಿಂದ ಕೇಳಿಸ್ಕೊಂಡವನು ನೀನು. ಹೇಳೋಳು ನಾನಾ? ಆ ಕಿವಿ ಉಳಿಸಿಕೊಟ್ಟವಳು ನಾನು. ಅದು ಇಲ್ಲ ಅಂತ ಸಾಕ್ಷಿ ಹೇಳೋಕೆ ನನ್ನನ್ನೇ ಕರೀತೀಯಲ್ಲೋ, ನಾಚಿಕೆ ಆಗಲ್ವಾ?”

“ಅವರು ನನ್ನನ್ನ ಬಿಟ್ಟುಬಿಟ್ರೆ?”

“ಕಿವುಡರ ಜೊತೆ ಕಿವುಡನಾಗಿ ಕೂರ್ತೀಯ, ಮನೆಗೆ ಬಂದ್ರೆ ಮೂಗ ಆಗ್ತೀಯ. ಬಿಟ್ಟುಬಿಟ್ರೆ ನೀನು ಏನಾಗ್ತೀಯೋ ನನಗೂ ಗೊತ್ತಿಲ್ಲ,” ಎಂದಳು. ಆಮೇಲೆ ಮೆತ್ತಗೆ, “ಆದ್ರೂ ಸೋಮವಾರದೊಳಗೆ ಹೇಳು,” ಎಂದು ಬೀನ್ಸು ಎತ್ತಿಕೊಂಡಳು.

ಸೋಮವಾರದೊಳಗೆ ಅವನು ಒಂದು ಉಪಾಯ ಹೂಡಿದ. ಮೇಜಿನ ಮುಂದೆ ಕೂತು ಎದೆಯ ಮೇಲೆ ಕೈ ಇಟ್ಟುಕೊಂಡ.

“ಎದೆ ಹಿಡಿದ ಹಾಗಾಗ್ತಿದೆ. ಶ್ವಾಸಕೋಶದ ಡಾಕ್ಟರ ಹತ್ರ ಚೀಟಿ ಮಾಡಿಸಿದೀನಿ. ಒಬ್ಬನೇ ಹೋಗೋಕೆ ಧೈರ್ಯ ಇಲ್ಲ.”

ಮೂರು ಜೊತೆ ಕಣ್ಣು ಅವನ ಮೇಲೆ ಬಿದ್ದವು. ಕಂಡಿಕೆಯಮ್ಮ ಆಗಲೇ ತೋಳುಪಟ್ಟಿ ಬಿಚ್ಚುತ್ತಿದ್ದರು. “ಯಾವಾಗಿಂದ? ಒಂದ್ ಮಾತು ಹೇಳ್ಬಾರ್ದಾ ನಮಗೆ? ನಾವೇನು ಸತ್ತುಹೋಗಿದ್ವಾ?”

“ಹತ್ತಿ ಕಿವಿಯವನ ಥರ ಎಲ್ಲ ಒಳಗೇ ಇಟ್ಕೊತಾನೆ,” ಎಂದು ದಪ್ಪಣ್ಣ ಬೈದ.

“ಸುಮ್ನಿರೋ,” ಎಂದು ಮೇಸ್ತ್ರಿ ಅವನ ಕೈ ಸರಿಸಿದರು. ಎಣ್ಣೆಯ ಕಡೆ ತಿರುಗಿ, “ನಾಲ್ಕೂ ಜನ ಹೋಗೋಣ. ನಾನಿಲ್ವೇನೋ ಜೊತೆಗೆ?” ಎಂದರು. ಹೇಳುವಾಗ ನಡುವೆ ಎರಡು ಸಲ ಉಸಿರಿಗೆ ನಿಂತರು.

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಎದೆರೋಗದ ವಿಭಾಗ. ಗೋಡೆಗೆ ತಾಗಿ ಕುರ್ಚಿಗಳು, ಕುರ್ಚಿಗಳಲ್ಲಿ ಕೆಮ್ಮುವವರು. ಸಿಬ್ಬಂದಿಯೆಲ್ಲ ಮುಖಗವಸು ಹಾಕಿದ್ದರು. ಈ ಗುಂಪಿಗೆ ಮುಖಗವಸು ಎಂದರೆ ಮುಖದ ಮೇಲೆ ಬಾಗಿಲು ಹಾಕಿದಂತೆ. ಹೆಸರು ಬರೆಯುತ್ತಿದ್ದ ನರ್ಸಿನ ಮುಂದೆ ದಪ್ಪಣ್ಣ ಬಗ್ಗಿ, ತನಗೇ ಕೇಳದ ದೊಡ್ಡ ದನಿಯಲ್ಲಿ, “ಸ್ವಲ್ಪ ಬಾಯಿ ತೋರಿಸಮ್ಮಾ!” ಎಂದ. ಕಾರಿಡಾರಿಗೆ ಕಾರಿಡಾರೇ ತಿರುಗಿತು. ನರ್ಸು ಗವಸು ಕೆಳಗೆಳೆದು, “ಬಾಯಿ ತೋರಿಸಬೇಕಾದವರು ನೀವು ಅಜ್ಜಾ, ನಾನಲ್ಲ,” ಎಂದಳು. ದಪ್ಪಣ್ಣನಿಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ ಅವನು ಕಂಡಿಕೆಯಮ್ಮನಿಗೆ ಅದನ್ನು ಮೂರು ಸಲ ತುಟಿಯಲ್ಲಿ ಮಾಡಿ ತೋರಿಸಿದ.

ಆ ಗಲಾಟೆಯಲ್ಲಿ ಎಣ್ಣೆ ನರ್ಸಿನ ಕೈಗೆ ಮಡಚಿದ ಕಾಗದವೊಂದನ್ನು ಕೊಟ್ಟ. ಹಿಂದಿನ ದಿನ ಐದು ಸಲ ಬರೆದು ಹರಿದು, ಆರನೆಯ ಸಲ ಉಳಿಸಿಕೊಂಡದ್ದು. ‘ನನಗೆ ಏನೂ ಆಗಿಲ್ಲ. ನನ್ನ ಜೊತೆ ಒಳಗೆ ಬರುವ ಹಿರಿಯರ ಎದೆಯಲ್ಲಿ ಸದ್ದು ಬರುತ್ತಿದೆ. ಅವರಿಗೆ ಕಿವಿ ಕೇಳುವುದಿಲ್ಲ, ಅವರ ಮನೆಯವರಿಗೂ ಕೇಳುವುದಿಲ್ಲ. ದಯವಿಟ್ಟು ಅವರನ್ನು ಪರೀಕ್ಷೆ ಮಾಡಿ. ನಾನು ಹೇಳಿದೆ ಎಂದು ಹೇಳಬೇಡಿ.’ ಅವನ ಲೆಕ್ಕ ಇಷ್ಟೇ. ಡಾಕ್ಟರು ಓದುತ್ತಾರೆ, ‘ಜೊತೆಗೆ ಬಂದವರನ್ನೂ ನೋಡಿಬಿಡ್ತೀನಿ’ ಎಂದು ಮೇಸ್ತ್ರಿಯ ಬೆನ್ನಿಗೆ ನಳಿಕೆ ಇಡುತ್ತಾರೆ. ಮೇಸ್ತ್ರಿಯ ಎದೆಯೂ ಉಳಿಯುತ್ತದೆ, ತನ್ನ ಕುರ್ಚಿಯೂ ಉಳಿಯುತ್ತದೆ.

ಒಳಗೆ ಇಬ್ಬರನ್ನು ಮಾತ್ರ ಬಿಟ್ಟರು. ಕಂಡಿಕೆಯಮ್ಮ, ದಪ್ಪಣ್ಣ ಹೊರಗೆ ಕೂತರು. ಡಾಕ್ಟರಮ್ಮ ಕಾಗದ ಓದುತ್ತಿದ್ದರು; ತಲೆ ಬಗ್ಗಿತ್ತು, ಮೂಗಿನ ತನಕ ನೀಲಿ ಗವಸು. ಎಣ್ಣೆ ಎಡಗಡೆ ಕೂತ, ಮೇಸ್ತ್ರಿ ಬಲಗಡೆ. ಅವರು ಓದುವಷ್ಟು ಹೊತ್ತೂ ಎಣ್ಣೆಯ ಕಣ್ಣು ಆ ಕಾಗದದ ಮೇಲೇ ಇತ್ತು. ಮೂರನೆಯ ಸಾಲಿಗೆ ಬಂದಿರಬೇಕು, ನಾಲ್ಕಕ್ಕೆ ಬಂದಿರಬೇಕು ಎಂದು ಎಣಿಸುತ್ತಿದ್ದ.

“ಬಾಗಿಲು ಸ್ವಲ್ಪ ಹಾಕ್ತೀರಾ,” ಎಂದರು ಡಾಕ್ಟರಮ್ಮ, ತಲೆ ಎತ್ತದೆ.

ಅವನು ಎದ್ದುಹೋಗಿ ಬಾಗಿಲು ಹಾಕಿದ. ವಾಪಸು ಬಂದು ಕೂತ. ಕೂತ ಮೇಲೆ ಮೇಸ್ತ್ರಿಯ ಮುಖ ನೋಡಿದ.

ಬೇರೆ ಯಾರೇ ಆಗಿದ್ದರೂ ಅದರಲ್ಲಿ ನೋಡಲು ಏನೂ ಇರಲಿಲ್ಲ. ಒಬ್ಬರು ಬಾಗಿಲು ಹಾಕಿ ಅಂದರು, ಇನ್ನೊಬ್ಬ ಹಾಕಿದ. ಆದರೆ ಮೇಸ್ತ್ರಿ ನಲವತ್ತು ವರ್ಷ ಬರಿಯ ಮುಖಗಳನ್ನು ನೋಡಿ ಬದುಕಿದವರು. ಯಾವ ಮಾತು ಯಾವ ತುಟಿಯಿಂದ ಹೊರಟು ಯಾವ ಕಣ್ಣಿಗೆ ತಲುಪಿತು ಎನ್ನುವುದು ಅವರಿಗೆ ನೂಲಿನ ಎಳೆಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಇಲ್ಲಿ ತುಟಿ ಬಟ್ಟೆಯ ಹಿಂದೆ ಇತ್ತು. ಕಣ್ಣು ಕಾಗದದ ಮೇಲೆ ಇತ್ತು. ಕೈಸನ್ನೆಯೂ ಇರಲಿಲ್ಲ. ಆದರೂ ಎಣ್ಣೆ ಎದ್ದುಹೋಗಿ ಬಾಗಿಲು ಹಾಕಿ ಬಂದಿದ್ದ.

ಮೇಸ್ತ್ರಿ ಮೊದಲು ಬಾಗಿಲನ್ನು ನೋಡಿದರು. ಆಮೇಲೆ ಎಣ್ಣೆಯ ಕಿವಿಯನ್ನು ನೋಡಿದರು. ಮುಖದಲ್ಲಿ ಸಿಟ್ಟಾಗಲಿ ಆಶ್ಚರ್ಯವಾಗಲಿ ಕಾಣಲಿಲ್ಲ. ಓಡುತ್ತಿರುವ ಮಗ್ಗವನ್ನು ನಿಲ್ಲಿಸದೆ ನಿಂತು ನೋಡುವಾಗ ಅವರ ಮುಖ ಹೀಗೇ ಇರುತ್ತಿತ್ತು.

ಡಾಕ್ಟರಮ್ಮ ಗವಸು ಗದ್ದಕ್ಕೆ ಇಳಿಸಿ, ಮೇಸ್ತ್ರಿಯ ಎದುರು ನಿಂತು ಬಿಡಿಸಿ ಹೇಳಿದರು: “ಬಂದಿದ್ದೀರಲ್ಲ, ನಿಮ್ಮನ್ನೂ ಒಂದ್ಸಲ ನೋಡಿಬಿಡ್ತೀನಿ. ಅಂಗಿ ಮೇಲೆತ್ತಿ.” ಮೇಸ್ತ್ರಿ ಮಾತಿಲ್ಲದೆ ಎತ್ತಿದರು. ಬೆನ್ನಿನ ಆರು ಕಡೆ ನಳಿಕೆ ಇಟ್ಟಾಯಿತು. ಕೊಳವೆಯೊಂದಕ್ಕೆ ಊದಿಸಿದರು. ಪಕ್ಕದ ಕೋಣೆಗೆ ಕಳಿಸಿ ಎದೆಯ ಚಿತ್ರ ತೆಗೆಸಿದರು. ಎಣ್ಣೆಯನ್ನು ಯಾರೂ ಮುಟ್ಟಲೇ ಇಲ್ಲ. ಅದನ್ನೂ ಮೇಸ್ತ್ರಿ ಗಮನಿಸಿದರು.

ಒಂದು ಗಂಟೆಯ ಮೇಲೆ ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಇದೆಲ್ಲ ಹಳೆಯ ಹತ್ತಿಯ ಧೂಳು ಮಾಡಿದ್ದು. ಇದು ಈ ವರ್ಷದ್ದು, ಬಲಗಡೆ ಕೆಳಗಿನ ಭಾಗ ಕುಗ್ಗಿ ಗಟ್ಟಿಯಾಗಿಬಿಟ್ಟಿದೆ. ಅದು ಮತ್ತೆ ಅರಳುವುದಿಲ್ಲ. ಮಿಕ್ಕದ್ದನ್ನು ಉಳಿಸಿಕೊಳ್ಳಬಹುದು, ದಿನಾ ಎರಡು ಹೊತ್ತು ಔಷಧಿ ಎಳೆದುಕೊಳ್ಳಬೇಕು, ಮೆಟ್ಟಿಲು ಹತ್ತುವುದು ಕಮ್ಮಿ ಮಾಡಬೇಕು.

“ಆರೇಳು ತಿಂಗಳು ಮೊದಲು ಬಂದಿದ್ರೆ ಇಷ್ಟು ಹೋಗ್ತಿರಲಿಲ್ಲ,” ಎಂದರು. ಅದನ್ನು ಅವರು ಯಾರನ್ನೂ ಬೈಯಲು ಹೇಳಲಿಲ್ಲ. ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು. “ಇಷ್ಟು ಜೋರಾಗಿ ಸದ್ದು ಬರ್ತಿದೆ. ಹತ್ತಿರ ಇದ್ದವರು ಯಾರೂ ಹೇಳಲಿಲ್ವಾ ನಿಮಗೆ?”

ಮೇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. “ನಮ್ಮ ಮನೇಲಿ ಇಬ್ಬರೂ ಕಿವುಡರು ತಾಯಿ,” ಎಂದರು. “ಸ್ನೇಹಿತರೂ ಕಿವುಡರೇ.”

ಹೇಳುವಾಗ ಅವರು ಎಣ್ಣೆಯ ಕಡೆ ತಿರುಗಲಿಲ್ಲ. ಡಾಕ್ಟರಮ್ಮ ಎಣ್ಣೆಯ ಕಡೆ ಒಮ್ಮೆ ನೋಡಿ, ಮೇಜಿನ ಮೇಲಿದ್ದ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದರು.

ಹೊರಗೆ ಕಂಡಿಕೆಯಮ್ಮ ಎಲ್ಲ ಕೇಳಿ, ಅತ್ತು, ಮೂಗು ಒರೆಸಿಕೊಂಡು, ಎಣ್ಣೆಯ ಎರಡೂ ಕೈ ಹಿಡಿದುಕೊಂಡರು. “ನಿನ್ನ ಎದೆ ಹಿಡಿದದ್ದೇ ನಮ್ಮ ಪುಣ್ಯ ಕಣಪ್ಪ. ನೀನು ಕರೀದಿದ್ರೆ ಇವರು ಈ ಕಡೆ ತಲೆ ಹಾಕ್ತಿದ್ರಾ?” ಅವರು ದಪ್ಪಣ್ಣನನ್ನು ಕರೆದುಕೊಂಡು ಔಷಧಿಯ ಸಾಲಿಗೆ ಹೋದರು. ಬಸ್ಸಿನ ನಿಲ್ದಾಣದಲ್ಲಿ ಕೂತಿರಿ ಎಂದು ಇವರಿಬ್ಬರಿಗೆ ಬೆರಳು ತೋರಿಸಿದರು.

ಆಸ್ಪತ್ರೆಯ ಗೋಡೆಗೂ ನಿಲ್ಲಿಸಿದ ವಾಹನಗಳಿಗೂ ನಡುವೆ ಒಬ್ಬರು ನಡೆಯುವಷ್ಟು ಜಾಗವಿತ್ತು. ಮೇಸ್ತ್ರಿ ಮುಂದೆ ನಡೆದರು, ಎಣ್ಣೆ ಹಿಂದೆ. ಗುಂಪಿನವರು ಹೀಗೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕಾದಾಗ ಮಾತು ತಾನಾಗಿ ನಿಂತುಹೋಗುತ್ತಿತ್ತು. ಬೆನ್ನಿಗೆ ತುಟಿ ಇರುವುದಿಲ್ಲ. ಮೇಸ್ತ್ರಿ ನಿಧಾನವಾಗಿ, ಕಾರುಗಳ ಬಾನೆಟ್ಟಿಗೆ ಕೈ ಊರಿಕೊಳ್ಳುತ್ತ ಹೋಗುತ್ತಿದ್ದರು. ಸಿಳ್ಳೆ ಹೆಜ್ಜೆಗೊಮ್ಮೆ ಬರುತ್ತಿತ್ತು.

ಅರ್ಧ ದಾರಿಯಲ್ಲಿ ಮೇಸ್ತ್ರಿ ಮಾತಾಡಿದರು. ತಿರುಗಲಿಲ್ಲ, ನಿಲ್ಲಲಿಲ್ಲ. ಗಂಟಲಿನಿಂದ, ಗಟ್ಟಿಯಾಗಿ ಮಾತಾಡಿದರು. ಬಳಸದೆ ತುಕ್ಕು ಹಿಡಿದ ದನಿ, ಏರಿಳಿತ ಇರಲಿಲ್ಲ. ವಾಹನಗಳ ಆಚೆ ಹೋಗುತ್ತಿದ್ದ ಹೆಂಗಸೊಬ್ಬಳು ತನ್ನನ್ನೇ ಕೇಳಿದರೇನೋ ಎಂದು ಬೆಚ್ಚಿ ನೋಡಿದಳು.

“ಎಷ್ಟು ದಿನದಿಂದ ಕೇಳಿಸ್ತಿತ್ತು ನಿನಗೆ?”

ಎಣ್ಣೆಯ ಹೆಜ್ಜೆ ತಪ್ಪಲಿಲ್ಲ. ಕುತ್ತಿಗೆ ಅಲುಗಲಿಲ್ಲ. ಐದು ವರ್ಷದ ಅಭ್ಯಾಸ ಅವನ ಪರವಾಗಿ ತಾನೇ ಕೆಲಸ ಮಾಡಿತು. ಎದುರು ಕೂರಿಸಿ, ತುಟಿ ತೋರಿಸಿ ಕೇಳಿದ್ದರೆ ಕೇಳಲಿಲ್ಲ ಎನ್ನಲು ಬರುತ್ತಿರಲಿಲ್ಲ ಎಂದು ಅವನಿಗೆ ಹೊಳೆಯಿತು. ಮೇಸ್ತ್ರಿಗೂ ಅದು ಗೊತ್ತಿತ್ತು. ಅದಕ್ಕೇ ಬೆನ್ನು ಹಾಕಿ ಕೇಳಿದ್ದರು.

ನಾಲ್ಕು ಹೆಜ್ಜೆ ಮುಂದೆ ಹೋಗಿ ಮೇಸ್ತ್ರಿ ನಿಂತರು, ತಿರುಗಿದರು. ಕಾರಿಗೆ ಒರಗಿ ಉಸಿರು ಕೂಡಿಸಿಕೊಂಡು, ಎಣ್ಣೆಯ ಬಾಯಿಯನ್ನೇ ನೋಡುತ್ತ ನಿಂತರು. ಅವರಿಗೆ ಆತುರವಿರಲಿಲ್ಲ.

“ಏನು?” ಎಂದಿತು ಎಣ್ಣೆಯ ತುಟಿ.

ಮೇಸ್ತ್ರಿಯ ತುಟಿ, ಎಂದಿನ ಹಾಗೆ ಸದ್ದಿಲ್ಲದೆ, “ಏನಿಲ್ಲ. ಬಸ್ಸು ಬಂತು ಅಂದೆ,” ಎಂದಿತು. ರಸ್ತೆಯಲ್ಲಿ ಯಾವ ಬಸ್ಸೂ ಇರಲಿಲ್ಲ.

ಮರುದಿನ ಹತ್ತಕ್ಕೆ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ನಾಲ್ವರೂ ಸೇರಿದರು. ಮೇಸ್ತ್ರಿ ಹತ್ತಬಾರದೆಂದು ಡಾಕ್ಟರ ಆಜ್ಞೆಯಾಗಿತ್ತು. ಕಾವಲುಗಾರನಿಗೆ ಹೇಳಿ ಕೆಳಗೆ, ರಟ್ಟಿನ ಪೆಟ್ಟಿಗೆಗಳ ನಡುವೆ, ಎಂಟನೆಯ ಮಗ್ಗ ಇದ್ದ ಜಾಗದಲ್ಲಿ ನಾಲ್ಕು ಸ್ಟೂಲು ಹಾಕಿಕೊಂಡರು. ದಪ್ಪಣ್ಣ ನರ್ಸಿನ ಕಥೆಯನ್ನು ಮೊದಲಿಂದ ಮಾಡಿ ತೋರಿಸಿದ. ಮೇಸ್ತ್ರಿ ಡಾಕ್ಟರಮ್ಮನ ಕೊಳವೆಗೆ ತಾವು ಊದಿದ ಕಥೆ ಹೇಳಿದರು. ಬಾಗಿಲಿನ ವಿಷಯ ಅವರು ಹೇಳಲಿಲ್ಲ. ಅವತ್ತು ಹೇಳಲಿಲ್ಲ, ಆಮೇಲಿನ ಎರಡು ವರ್ಷದಲ್ಲೂ ಹೇಳಲಿಲ್ಲ. ಹತ್ತಿ ಕಿವಿಯವರನ್ನು ಬೈಯುವುದನ್ನು ಮಾತ್ರ ಅವರು ಅವತ್ತಿನಿಂದ ನಿಲ್ಲಿಸಿದರು. ಅವರು ನಿಲ್ಲಿಸಿದ ಮೇಲೆ ಮಿಕ್ಕವರ ಬಾಯಲ್ಲೂ ಆ ಮಾತು ಕಮ್ಮಿಯಾಯಿತು. ಯಾಕೆಂದು ಯಾರೂ ಕೇಳಲಿಲ್ಲ.

ಎರಡು ವರ್ಷ ಎಣ್ಣೆ ದಿನಾ ಅವರ ಎದುರಿನ ಸ್ಟೂಲಿನಲ್ಲಿ ಕೂತ. ಔಷಧಿ ಎಳೆದುಕೊಳ್ಳುವ ಹೊತ್ತನ್ನು ಅವನೇ ನೆನಪಿಸುತ್ತಿದ್ದ. ಸಿಳ್ಳೆ ಕೆಲವು ದಿನ ಸಣ್ಣಗಾಗುತ್ತಿತ್ತು, ಕೆಲವು ದಿನ ದೊಡ್ಡದಾಗುತ್ತಿತ್ತು. ದೊಡ್ಡದಾದ ದಿನ ಅವನು ಏನಾದರೊಂದು ನೆಪ ಹೇಳಿ ಎಲ್ಲರನ್ನೂ ಆಸ್ಪತ್ರೆಗೆ ಹೊರಡಿಸುತ್ತಿದ್ದ, ಮೇಸ್ತ್ರಿ ಆ ನೆಪವನ್ನು ನಂಬುತ್ತಿದ್ದರು. ಅವರ ಕೊನೆಯ ವಾರದಲ್ಲಿ ಹಾಸಿಗೆಯ ಪಕ್ಕ ಇಬ್ಬರೇ ಇದ್ದಾಗ ಮೇಸ್ತ್ರಿ ಅವನ ಬಾಯಿಯನ್ನು ಇನ್ನೊಮ್ಮೆ ಬಹಳ ಹೊತ್ತು ನೋಡಿದರು. ಅವನು ದಿಂಬು ಸರಿಮಾಡಿದ.

ಎಂಟು ತಿಂಗಳಿಂದ ಕೇಳಿಸುತ್ತಿತ್ತು ಎಂದು ಅವನು ಮೇಸ್ತ್ರಿಗೆ ಯಾವತ್ತೂ ಹೇಳಲಿಲ್ಲ.